ಅಪ್‌ಡೇಟ್: ಮಂಡ್ಯದ ಮನೆಯ ಇನ್ವರ್ಟರ್ ಬ್ಯಾಟರಿ ಸರಿಹೋಯಿತು

ಕರೆಂಟ್ ಹೋದರೆ ಬ್ಯಾಟರಿ ಅರ್ಧ ಗಂಟೆಯೂ ಬರಲ್ಲ ಅಂತ ಕೇಳಿದ್ದೆನಲ್ಲ, ‘ಟರ್ಮಿನಲ್ (ಬ್ಯಾಟರಿಗೆ ವೈರ್ ಸೇರುವ ಜಾಗ) ನೋಡಿ’ ಅಂದವರ ಮಾತೇ ನಿಜವಾಯಿತು. ಪ್ಲಸ್ ಕಡೆ ಬಿಳಿ-ಹಸಿರು ಪುಡಿ ಕಟ್ಟಿ ಕ್ಲಾಂಪ್ ಸಡಿಲವಾಗಿತ್ತು. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲು ಮೈನಸ್ ವೈರ್ ಬಿಚ್ಚಿದೆವು. ಅಡುಗೆ ಸೋಡಾ ನೀರಲ್ಲಿ ಉಜ್ಜಿ, ಒಣಗಿಸಿ, ಬಿಗಿ ಮಾಡಿ ವ್ಯಾಸಲೀನ್ ಹಚ್ಚಿದೆವು. ಸೋಡಾ ನೀರು ಬ್ಯಾಟರಿ ಒಳಗೆ ಮಾತ್ರ ಹೋಗಬಾರದು.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ, ಒಳಗಿನ ನೀರಿನ ಮಟ್ಟ ಸರಿಯಾಗೇ ಇತ್ತು. ಆಸಿಡ್ ಸುರಿಯಿರಿ ಅಂದವರಿಗೆ ದೊಡ್ಡ ನಮಸ್ಕಾರ! ಕಮ್ಮಿಯಾಗೋದು ನೀರು, ಆಸಿಡ್ ಅಲ್ಲ.

ನನಗೆ ಗೊತ್ತಿಲ್ಲದಿದ್ದ ಸಂಗತಿ: ಚಾರ್ಜ್ ನಿಲ್ಲಿಸಿದ ಕೂಡಲೇ ಅಳೆದರೆ ವೋಲ್ಟೇಜ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಕೆಲವು ಗಂಟೆ ಬಿಟ್ಟು ನೋಡಿದಾಗ 12.6 ವೋಲ್ಟ್ ಬಂತು, ಅಂದರೆ ಚಾರ್ಜ್ ಚೆನ್ನಾಗೇ ಆಗಿದೆ. ಚಾರ್ಜ್ ಆಗುವಾಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬರುತ್ತದಂತೆ, ಹಾಗಾಗಿ ಬ್ಯಾಟರಿಯನ್ನು ದೇವರ ದೀಪದಿಂದ ದೂರ, ಕಿಟಕಿ ಪಕ್ಕಕ್ಕೆ ಸರಿಸಿದ್ದೇವೆ.