ಸ್ಕ್ಯಾನ್ ಮಾಡಿಸಿದ ಪುರಸಭೆ ದಾಖಲೆ ಯಾರದ್ದು?

ರೆಕಾರ್ಡ್‌ರೂಮ್:
ನಾನು ಒಂದು ಪುರಸಭೆಯಲ್ಲಿ ದಾಖಲೆ ಕೊಠಡಿ ನೋಡಿಕೊಳ್ಳುತ್ತೇನೆ. ಹಳೇ ಅಸೆಸ್‌ಮೆಂಟ್ ರಿಜಿಸ್ಟರ್, ಖಾತೆ ವರ್ಗಾವಣೆ ಕಡತ ಎಲ್ಲವನ್ನೂ ಟೆಂಡರ್ ಕರೆದು ಖಾಸಗಿ ಕಂಪನಿಯಿಂದ ಸ್ಕ್ಯಾನ್ ಮಾಡಿಸಿದ್ದರು. ಈಗ ಕರಾರಿನ ಅವಧಿ ಮುಗಿದಿದೆ. ಚಿತ್ರಗಳನ್ನಷ್ಟೇ ಹಾರ್ಡ್ ಡಿಸ್ಕಿನಲ್ಲಿ ಕೊಡುತ್ತಾರಂತೆ. ಹೆಸರು, ಸ್ವತ್ತಿನ ಸಂಖ್ಯೆ ಹಾಕಿ ಹುಡುಕುವ ಇಂಡೆಕ್ಸ್ ಮಾತ್ರ ತಮ್ಮದು, ಬೇಕಾದರೆ ಲೈಸೆನ್ಸ್ ನವೀಕರಿಸಿ ಅನ್ನುತ್ತಾರೆ. ಇಂಡೆಕ್ಸ್ ಇಲ್ಲದೆ ಆ ರಾಶಿಯಲ್ಲಿ ಒಂದು ಹಾಳೆ ಹುಡುಕುವುದು ಆಗದ ಮಾತು. ಮೂಲ ಪುಸ್ತಕಗಳೋ, ಮುಟ್ಟಿದರೆ ಪುಡಿ. ತಂದೆಯ ಹೆಸರಿನ ಖಾತೆ ನಕಲಿಗೆ ಅಲೆಯುತ್ತಿರುವವರಿಗೆ ಏನು ಹೇಳಲಿ?

ಕಪ್ಪುಕೋಟು:
ಮೇಡಂ, ತಂತ್ರಾಂಶ ಅವರದ್ದೇ ಇರಬಹುದು, ಅದನ್ನು ಬಿಡಿ. ಅದರೊಳಗಿನ ಮಾಹಿತಿ ಅವರದ್ದು ಹೇಗಾಗುತ್ತದೆ? ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಕೋರ್ಟಿನ ತೀರ್ಪುಗಳನ್ನು ಸಂಪಾದಿಸಿ ಅಚ್ಚು ಹಾಕಿದ ಆ ಕಂಪನಿ ಹಕ್ಕುಸ್ವಾಮ್ಯ ಕೇಳಿತ್ತು. ಬರೀ ದುಡಿಮೆ, ಬಂಡವಾಳ ಸಾಲದು, ಕಿಂಚಿತ್ತಾದರೂ ಸೃಜನಶೀಲತೆ ಬೇಕು ಎಂದಿತು ಕೋರ್ಟ್. ತೀರ್ಪನ್ನು ಓದಿ ಅರ್ಥಮಾಡಿಕೊಂಡು ಪ್ಯಾರಾಗಳಾಗಿ ವಿಂಗಡಿಸಿದಂಥ ಕೆಲಸಕ್ಕೆ ರಕ್ಷಣೆ ಸಿಕ್ಕಿತು. ಮೂಲ ತೀರ್ಪಿಗೆ ಸಿಗಲಿಲ್ಲ. ನಿಮ್ಮ ಪುಸ್ತಕದ ಹೆಸರು, ನಂಬರು ನೋಡಿಕೊಂಡು ಟೈಪ್ ಮಾಡಿದ್ದರಲ್ಲಿ ಅಂಥದ್ದೇನಿದೆ? ಮೇಲಾಗಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 17ರಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪುರಸಭೆಯಂಥ ಶಾಸನಬದ್ಧ ಸಂಸ್ಥೆ ಹೇಳಿ ಮಾಡಿಸಿದ ಕೃತಿಗೆ ಆ ಸಂಸ್ಥೆಯೇ ಮೊದಲ ಒಡೆಯ. ಹಾಗಾಗಿ ಇವತ್ತೇ ಕರಾರು ತೆಗೆದು ಓದಿ.

ಡೇಟಾಬೇಸ್_ತುಮಕೂರು:
ಹಕ್ಕು ನಿಮ್ಮದೇ ಆದರೂ ಫೈಲ್ ಕೈಗೆ ಬರಬೇಕಲ್ಲ. ಇಂಡೆಕ್ಸನ್ನು ಸಿಎಸ್‌ವಿ ರೂಪದಲ್ಲಿ (ಯಾವ ತಂತ್ರಾಂಶದಲ್ಲಾದರೂ ತೆರೆಯಬಹುದಾದ ಸರಳ ಪಟ್ಟಿ), ಪ್ರತಿ ಸಾಲಿನಲ್ಲೂ ಆಯಾ ಚಿತ್ರದ ಫೈಲ್ ಹೆಸರು ಇರುವಂತೆ ಕೇಳಿ. ಅದು ಬಂದರೆ ಅವರ ತಂತ್ರಾಂಶವೇ ಬೇಡ. ಭದ್ರತಾ ಠೇವಣಿ ವಾಪಸ್ ಕೊಟ್ಟಿದ್ದೀರಾ? ಕೊಟ್ಟಿಲ್ಲವಾದರೆ ಕೊಡಬೇಡಿ. ಪಹಣಿಯ 'ಭೂಮಿ' ತಂತ್ರಾಂಶವನ್ನು ಕೇಂದ್ರ ಸರ್ಕಾರದ್ದೇ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಕಟ್ಟಿತು. ಖಾಸಗಿಯವರ ಲೈಸೆನ್ಸಿಗೆ ಕಾಯುವ ಗೋಳು ಅಲ್ಲಿಲ್ಲ. ಊರಿನ ಆಸ್ತಿ ದಾಖಲೆಗೂ ಅದೇ ಮರ್ಯಾದೆ ಸಿಗಬೇಕು.

ರೆಕಾರ್ಡ್‌ರೂಮ್:
ಠೇವಣಿ ನಮ್ಮಲ್ಲೇ ಇದೆ ಸರ್. ಯಾರಾದರೂ ಆರ್‌ಟಿಐ ಹಾಕಿದರೆ 'ಕಂಪನಿ ಬಳಿ ಇದೆ' ಅಂತ ಹಿಂಬರಹ ಕೊಡಬಹುದಾ?

ಕಪ್ಪುಕೋಟು:
ಕೊಡಬೇಡಿ ಮೇಡಂ. ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಪ್ರಾಧಿಕಾರದ ಬಳಿ ಇರುವ ಮಾಹಿತಿಗಷ್ಟೇ ಅಲ್ಲ, ಅದರ ನಿಯಂತ್ರಣದಲ್ಲಿರುವುದಕ್ಕೂ ಅನ್ವಯಿಸುತ್ತದೆ. ಸರ್ವರ್ ಎಲ್ಲೇ ಇರಲಿ, ಉತ್ತರ ಕೊಡಬೇಕಾದವರು ನೀವೇ. ಈ ಕಲಮನ್ನೂ ಸೇರಿಸಿ ಕಂಪನಿಗೆ ನೋಟಿಸ್ ಬರೆದು, ಮುಖ್ಯಾಧಿಕಾರಿಗಳ ಸಹಿ ಮಾಡಿಸಿ ಕಳಿಸಿ.