ಟ್ರ್ಯಾಕ್ಟರ್‌ಗೆ ಎಷ್ಟು ದಿನಕ್ಕೊಮ್ಮೆ ಗ್ರೀಸ್ ಹೊಡೆಯಬೇಕು?

ಪ್ರಶ್ನೆ:
ಹಳೇ ಟ್ರ್ಯಾಕ್ಟರ್ ತಗೊಂಡಿದ್ದೇನೆ, ಅದರ ಬುಕ್ ಸಿಕ್ಕಿಲ್ಲ. ಕೆಲವರು ದಿನಾ ಗ್ರೀಸ್ ಹೊಡೆಯಿರಿ ಅಂತಾರೆ, ಕೆಲವರು ಸರ್ವೀಸ್‌ಗೆ ಬಿಟ್ಟಾಗ ಸಾಕು ಅಂತಾರೆ. ಉಳುಮೆ, ರೋಟಾವೇಟರ್, ಟ್ರೈಲರ್ ಎಲ್ಲಾ ಕೆಲಸವೂ ಇರುತ್ತದೆ. ಎಲ್ಲಾ ನಿಪ್ಪಲ್‌ಗೂ (ಗ್ರೀಸ್ ಒಳಗೆ ಒತ್ತುವ ಸಣ್ಣ ಮೂತಿ) ಒಂದೇ ಲೆಕ್ಕಾನಾ? ಇನ್ನೊಂದು, ಮುಂದೆ ಎಡಗಡೆ ಕಿಂಗ್ ಪಿನ್‌ಗೆ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಪಿನ್) ಎಷ್ಟು ಒತ್ತಿದರೂ ಗ್ರೀಸ್ ಒಳಗೆ ಹೋಗುವುದಿಲ್ಲ, ಪಕ್ಕಕ್ಕೆ ಉಕ್ಕಿ ಬರುತ್ತದೆ. ಏನು ಮಾಡಲಿ?

ಉತ್ತರ 1:
ದಿನದ ಲೆಕ್ಕ ಬಿಡಿ, ಇಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರ್ ನೋಡಿ. ಒಣ ನೆಲದ ಕೆಲಸ, ಟ್ರೈಲರ್ ಓಡಾಟ ಆದರೆ ಹೆಚ್ಚಿನ ನಿಪ್ಪಲ್‌ಗಳಿಗೆ 50 ಗಂಟೆಗೊಮ್ಮೆ ಸಾಕು. ಧೂಳು ಜಾಸ್ತಿ ಇದ್ದರೆ ಅಥವಾ ಕೆಸರಿಗೆ ಇಳಿಸಿದರೆ 10 ಗಂಟೆಗೊಮ್ಮೆ, ಅಂದರೆ ಹೆಚ್ಚುಕಡಿಮೆ ದಿನಾ. ಸೆಂಟರ್ ಪಿನ್ (ಮುಂದಿನ ಆಕ್ಸಲ್ ನಡುವೆ ಕೂರುವ ಪಿನ್), ಕಿಂಗ್ ಪಿನ್ ಎರಡನ್ನೂ ಯಾವತ್ತೂ ಮರೆಯಬೇಡಿ, ಮುಂದಿನ ಭಾರವೆಲ್ಲಾ ಅವುಗಳ ಮೇಲೇ ಇರುತ್ತದೆ, ಪಿನ್ ಸುತ್ತಲಿನ ಬುಶ್ (ಲೋಹದ ಬಳೆ) ಸವೆದರೆ ಸ್ಟೇರಿಂಗ್ ಆಟ, ಅಂದರೆ ಸಡಿಲ ಅಲ್ಲಾಟ ಶುರು. ಕೆಸರಿನ ಕೆಲಸ ಮುಗಿಸಿದ ದಿನ ಬೆಳಿಗ್ಗೆವರೆಗೂ ಕಾಯಬೇಡಿ, ಸಂಜೆಯೇ ಹೊಡೆಯಿರಿ. ಹೊಸ ಗ್ರೀಸ್ ಒಳಗಿನ ನೀರನ್ನು ಹೊರಗೆ ತಳ್ಳುತ್ತದೆ, ಇಲ್ಲದಿದ್ದರೆ ರಾತ್ರಿಯಿಡೀ ನೀರು ಕೂತು ಪಿನ್ ತುಕ್ಕು ಹಿಡಿಯುತ್ತದೆ.

ಉತ್ತರ 2:
ರೋಟಾವೇಟರ್ ಇದೆ ಅಂದಿರಲ್ವಾ, ಪಿಟಿಒ ಶಾಫ್ಟ್‌ನ (ಟ್ರ್ಯಾಕ್ಟರ್‌ನಿಂದ ರೋಟಾವೇಟರ್‌ಗೆ ಶಕ್ತಿ ಕೊಡುವ ಶಾಫ್ಟ್) ಕ್ರಾಸ್‌ಗಳಿಗೆ, ಅಂದರೆ ಎರಡು ತುದಿಯ ಕೀಲುಗಳಿಗೆ 50 ಗಂಟೆ ಲೆಕ್ಕ ನಡೆಯುವುದಿಲ್ಲ. ಸಾಮಾನ್ಯ ಶಾಫ್ಟ್ ಆದರೆ 8 ಗಂಟೆಗೊಮ್ಮೆ ಬೇಕೇ ಬೇಕು. ಒಂದರೊಳಗೊಂದು ಜಾರುವ ಪೈಪ್‌ಗೂ ಹಚ್ಚಿ. ಇಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೇ ಶಾಫ್ಟ್ ಹತ್ತಿರ ಕೈ ಹಾಕಿ, ದಯವಿಟ್ಟು.

ಉತ್ತರ 3:
ಕಿಂಗ್ ಪಿನ್ ವಿಷಯ: ನೆಲದ ಮೇಲೆ ನಿಂತಿರುವಾಗ ಭಾರಕ್ಕೆ ಪಿನ್ ಬಿಗಿಯಾಗಿ ಕೂತಿರುತ್ತದೆ, ಗ್ರೀಸ್‌ಗೆ ದಾರಿಯೇ ಸಿಗುವುದಿಲ್ಲ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂದಿನ ಆಕ್ಸಲ್ ಜಾಕ್‌ನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಸ್ಟೇರಿಂಗ್ ಆಕಡೆ ಈಕಡೆ ತಿರುಗಿಸುತ್ತಾ ಒತ್ತಿ ನೋಡಿ. ಆಗಲೂ ಹೋಗದಿದ್ದರೆ ನಿಪ್ಪಲ್ ಬಿಚ್ಚಿ ಗ್ರೀಸ್ ಗನ್‌ಗೆ ಸಿಕ್ಕಿಸಿ ಒತ್ತಿ. ಗ್ರೀಸ್ ಬರದಿದ್ದರೆ ನಿಪ್ಪಲ್ ಬದಲಿಸಿ. ಸಲೀಸಾಗಿ ಬಂತು ಅಂದರೆ ಪಿನ್‌ನ ತೂತಿನಲ್ಲಿ ಹಳೇ ಗ್ರೀಸ್ ಗಟ್ಟಿಯಾಗಿದೆ. ಡೀಸೆಲ್ ಬಿಟ್ಟು ನೆನೆಸಿ, ತಂತಿ ಹಾಕಿ ಬಿಡಿಸಿ. ಗನ್ ಹಿಡಿಯುವ ಮೊದಲು ಪ್ರತಿ ಸಲ ನಿಪ್ಪಲ್ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಮೇಲಿನ ಮಣ್ಣನ್ನೇ ನೀವು ಒಳಗೆ ತಳ್ಳಿದ ಹಾಗೆ.

ಪ್ರಶ್ನೆ ಕೇಳಿದವರು:
ಜಾಕ್ ಹಾಕಿದ ಮೇಲೆ ಹೋಯಿತು! ಮೊದಲು ಕೆಂಪು ನೀರು ಬಂತು, ಆಮೇಲೆ ಕಪ್ಪು ಗ್ರೀಸ್. ಎಷ್ಟು ಹೊಡೆದ ಮೇಲೆ ನಿಲ್ಲಿಸಬೇಕು? ಯಾವ ಗ್ರೀಸ್ ಒಳ್ಳೆಯದು?

ಉತ್ತರ 1:
ಕೆಂಪು ನೀರು ಅಂದರೆ ಒಳಗೆ ಆಗಲೇ ತುಕ್ಕು ಇದೆ. ಚಕ್ರ ಮೇಲಿರುವಾಗಲೇ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬುಶ್ ನೋಡಿಸಿ. ಪಿನ್, ಬುಶ್‌ಗಳಿಗೆ ಅಂಚಿನಲ್ಲಿ ಹೊಸ ಗ್ರೀಸ್ ಕಾಣುವವರೆಗೆ ಹೊಡೆಯಿರಿ. ಸೀಲ್ ಇರುವ ಬೇರಿಂಗ್‌ಗೆ ಹಾಗೆ ಮಾಡಬೇಡಿ, ಸೀಲ್ ಕಿತ್ತು ಬರುತ್ತದೆ, ಒಂದೆರಡು ಸ್ಟ್ರೋಕ್ ಸಾಕು. ಲಿಥಿಯಂ ಗ್ರೀಸ್, ಗ್ರೇಡ್ 2 ತಗೊಳ್ಳಿ. ಬೇರೆ ಜಾತಿಯ ಗ್ರೀಸ್ ಜೊತೆ ಬೆರೆಸಬೇಡಿ, ಕೆಲವು ಒಂದಕ್ಕೊಂದು ಹೊಂದದೆ ತೆಳ್ಳಗಾಗಿ ಸೋರಿ ಹೋಗುತ್ತವೆ.