ಸಹಾಯ ಬೇಕು: ಮೂರು ಪ್ರಾಜೆಕ್ಟ್‌ಗಳ ಸೈಟ್‌ಗೆ ಒಂದೇ ಸ್ಟೈಲ್

ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ನಾವು ಕೆಲವು ಗೆಳೆಯರು ಕನ್ನಡಕ್ಕಾಗಿ ಮೂರು ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುತ್ತಿದ್ದೇವೆ: ಕಾಗುಣಿತ ತಿದ್ದುವ ಸಾಧನ, ಕೀಬೋರ್ಡ್, ಪದಕೋಶ. ಸೈಟ್ ಕಟ್ಟುವ ಸಾಧನಗಳೂ ಬೇರೆ ಬೇರೆ: ಒಂದರ ಸೈಟ್ ಹ್ಯೂಗೋದಲ್ಲಿದೆ, ಒಂದು ಜೆಕಿಲ್‌ನಲ್ಲಿ, ಮತ್ತೊಂದು ಸ್ಫಿಂಕ್ಸ್‌ನಲ್ಲಿ. ಮೂರಕ್ಕೂ ಬೇರೆ ಬೇರೆ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಕೋಡ್). ಹೊಸದಾಗಿ ಬರುವ ಕಾಲೇಜು ಹುಡುಗರಿಗೆ ಇದೆಲ್ಲ ಒಂದೇ ತಂಡದ ಕೆಲಸ ಅಂತ ಗೊತ್ತೇ ಆಗುವುದಿಲ್ಲ.

ಬಣ್ಣ, ಫಾಂಟ್, ಅಂತರಗಳನ್ನು ಸಿಎಸ್‌ಎಸ್ ವೇರಿಯೇಬಲ್‌ಗಳಾಗಿ ಒಂದೇ ಫೈಲಿನಲ್ಲಿಟ್ಟು, ಅದಕ್ಕೊಂದು ಪ್ರತ್ಯೇಕ ರೆಪೊ (ಕೋಡ್ ಇಡುವ ಜಾಗ) ಮಾಡಬೇಕೆಂದಿದ್ದೇವೆ. ಅದನ್ನು ಮೂರೂ ಸೈಟ್‌ಗೆ ತಲುಪಿಸುವುದು ಹೇಗೆ ಅನ್ನುವುದೇ ಪ್ರಶ್ನೆ. ಗಿಟ್ ಸಬ್‌ಮಾಡ್ಯೂಲ್ (ಒಂದು ರೆಪೊ ಒಳಗೆ ಇನ್ನೊಂದನ್ನು ಜೋಡಿಸುವುದು) ಆದರೆ ಸಾಮಾನ್ಯವಾಗಿ ಕ್ಲೋನ್ (ನಕಲು) ಮಾಡಿದವರಿಗೆ ಖಾಲಿ ಫೋಲ್ಡರ್ ಸಿಗುತ್ತದೆ. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಕೋಡ್ ಹಂಚುವ ವ್ಯವಸ್ಥೆ) ಪ್ಯಾಕೇಜ್ ಆದರೆ, ಪೈಥಾನ್‌ನ ಸ್ಫಿಂಕ್ಸ್ ಬಳಸುವವರು ಸುಮ್ನೆ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಹಾಕಿಕೊಳ್ಳಬೇಕು. ಒಂದೇ ಸರ್ವರ್‌ನಿಂದ ನೇರವಾಗಿ ಲಿಂಕ್ ಮಾಡುವುದು ಸುಲಭ. ಆದರೆ ಅಲ್ಲಿ ಒಂದು ತಪ್ಪಾದರೆ ಮೂರೂ ಸೈಟ್ ಒಟ್ಟಿಗೆ ಕೆಡುತ್ತವೆ ಅಲ್ವಾ?

ಕನ್ನಡದ್ದೇ ಒಂದು ತೊಂದರೆಯೂ ಇದೆ. ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಲೈನ್ ಹೈಟ್ (ಸಾಲಿನ ಎತ್ತರ) 1.2 ಇದ್ದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. 'ರಾಷ್ಟ್ರ' ಅಂತ ಬರೆದು ನೋಡಿ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್‌ಗೆ ನಮಗೆ 1.6 ಸರಿ ಅನಿಸಿದೆ. ಇದನ್ನು ಥೀಮ್ ಮತ್ತೆ ಬದಲಿಸದಂತೆ ಕಾಪಾಡಬೇಕು.

ಇಂಥ ಕೆಲಸ ಮಾಡಿದವರು ಯಾವ ದಾರಿ ಹಿಡಿದಿರಿ? ವರ್ಷನ್ ನಂಬರ್ ಹೇಗೆ ಕೊಡುತ್ತೀರಿ? ಧಾರವಾಡದಲ್ಲಿದ್ದರೆ ರವಿವಾರ ಕೂತು ಮಾತಾಡಲೂ ನಾವು ಸಿದ್ಧ.